ಎರಡನೆಯ ಕಣ್ಣು

ಅಂಗಿಯ ಗುಂಡಿ ಹಾಕುತ್ತಿದ್ದಾಗ ಗಂಡ ಎಡಗೈಯ ಬೆರಳಿನಿಂದ ಮಾತಿನ ಹಲಗೆಯ ಒಂದು ಚೌಕವನ್ನು ಒತ್ತಿದ. "ನನ್ನಿಂದ ನಿನಗೆ ತುಂಬಾ ತೊಂದರೆ" ಎಂದಿತು ಹಲಗೆ, ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುವಂಥ ದನಿಯಲ್ಲಿ. "ಏನ್ ತೊಂದರೆ ರೀ, ಸುಮ್ನಿರಿ" ಎಂದು ಅವಳು ಎಂದಿನಂತೆ ಹೇಳಿದಳು. ಹೇಳಿದ ಮೇಲೆ, ಕೊನೆಯ ಗುಂಡಿ ಕಾಜದೊಳಕ್ಕೆ ಹೋಗದೆ ಬೆರಳಲ್ಲಿ ಜಾರುತ್ತಿರುವಾಗ, ಚುರುಕ್ಕೆಂದಿತು. ಹಲಗೆ ಎಂದರೆ ಮರದ್ದಲ್ಲ. ಪಾರ್ಶ್ವವಾಯು ಬಡಿದು ಅವನ ಬಲಗೈಯೂ ಮಾತೂ ಒಟ್ಟಿಗೇ ಹೋದ ಮೇಲೆ ಮನೆಗೆ ಬಂದ ಟ್ಯಾಬ್ಲೆಟ್ಟು. ತೆರೆಯ ತುಂಬ ಚಿತ್ರದ ಚೌಕಗಳು, ಒಂದೊಂದು ಚೌಕದಲ್ಲಿ ಒಂದೊಂದು ವಾಕ್ಯ, ಒತ್ತಿದರೆ ಮಾತಾಡುತ್ತದೆ. ಈಗ ಮಾತಾಡಿದ ವಾಕ್ಯವನ್ನು ಬರೆದವಳು ಅವಳೇ. ಹೊದಿಕೆ ಒಗೆದು ಒಗೆದು ಬೆರಳು ಸುಕ್ಕುಗಟ್ಟಿದ್ದ ಒಂದು ಮಧ್ಯಾಹ್ನ ತನ್ನ ಮೇಲೆ ತನಗೇ ಮರುಕ ಉಕ್ಕಿ, ಮೂಗು ಒರೆಸಿಕೊಳ್ಳುತ್ತ ಬರೆದು ಆ ಚೌಕದೊಳಗೆ ಇಟ್ಟಿದ್ದಳು. ಹಾಗಾದರೆ ಈಗ ನಡೆದದ್ದೇನು? ತನಗೆ ತೊಂದರೆಯಾಯಿತೆಂದು ತಾನೇ ಹೇಳಿಕೊಂಡು, ತಾನೇ ತನ್ನನ್ನು ಸಮಾಧಾನ ಮಾಡಿದ್ದು. ನಡುವೆ ಈ ಮನುಷ್ಯ ಬರೀ ಒಂದು ಬೆರಳು. ಇವನೊಳಗೆ ತಾನು ಬರೆಯದ ಮಾತು ಒಂದಾದರೂ ಉಳಿದಿದೆಯೋ ಇಲ್ಲವೋ ಎಂಬ ಯೋಚನೆ ಎಷ್ಟೋ ದಿನದಿಂದ ಸುಳಿದು ಹೋಗುತ್ತಿತ್ತು. ಇವತ್ತು ಹೋಗಲಿಲ್ಲ.

ಯಾಕೆಂದರೆ ಈ ಮನುಷ್ಯ ಹೀಗೆಲ್ಲ ಮಾತಾಡುವವನೇ ಅಲ್ಲ. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವನು. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು ಬೈಯುವುದೇ ಅವನ ಉದ್ಯೋಗವಾಗಿತ್ತು. ಮನೆಗೆ ಬಂದ ಮೇಲೂ ನಾಲಗೆಗೆ ನ್ಯೂಟ್ರಲ್ ಎಂಬುದು ಇರಲಿಲ್ಲ. ತಟ್ಟೆಯ ಮುಂದೆ ಕೂತು, "ಏನೇ, ಉಪ್ಪು ಹಾಕೋದು ಮರೆತ್ಯಾ, ಇಲ್ಲ ಉಪ್ಪಿಗೂ ಇವತ್ತು ರಜಾನಾ?" ಅನ್ನುವನು. ಸಾರಿ, ಥ್ಯಾಂಕ್ಸ್ ಎಲ್ಲ ಅಂಗಡಿಯವರ ಮಾತು, ಮನೆಯೊಳಗೆ ಯಾಕೆ ಅನ್ನುವನು. ಅವಳೂ ಬಿಟ್ಟುಕೊಡುವವಳಲ್ಲ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಸ್ಟಾಂಪು ಅಂಟಿಸಿದಷ್ಟೇ ಗಟ್ಟಿಯಾಗಿ ತಿರುಗಿ ಅಂಟಿಸುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವರದು ಮಲಗಿದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಈಗ ಮನೆಯಲ್ಲಿ ಜಗಳವೇ ಇಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಮಾತೇ ಹೋದವನ ಮನೆಗೆ ಬಂದು ನೋಡಿರಲಿಲ್ಲ. ನೆಂಟರು ಬಂದಾಗ ಅವನು "ನೀನು ಸುಸ್ತಾಗಿದ್ದೀಯ, ಕೂತ್ಕೋ" ಎಂಬ ಚೌಕ ಒತ್ತುತ್ತಾನೆ. ನಾದಿನಿ ಸೆರಗಿನಿಂದ ಕಣ್ಣೊತ್ತಿಕೊಂಡು, "ನಮ್ಮಣ್ಣ ಎಷ್ಟು ಮೆತ್ತಗಾಗಿಬಿಟ್ಟ ನೋಡು ಅತ್ತಿಗೆ" ಅನ್ನುತ್ತಾಳೆ. ಅದನ್ನೂ ಬರೆದದ್ದು ತಾನೇ ಎಂದು ನಾದಿನಿಗೆ ಹೇಳಲು ಅವಳಿಗೆ ಈವರೆಗೆ ಬಾಯಿ ಬಂದಿಲ್ಲ.

ಹಲಗೆ ಮಾಡುವವರ ಕೂಟಕ್ಕೆಂದು ಗಂಡನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಗ್ರಂಥಾಲಯದ ರಸ್ತೆಗೆ ತಿರುಗಿದಳು. ಕುರ್ಚಿಯ ಮುಂದಿನ ಗಾಲಿಯೊಂದು ಸದಾ ಎಡಕ್ಕೆ ಎಳೆಯುತ್ತದೆ, ಬಲಗೈಯಲ್ಲಿ ಒತ್ತಿ ಹಿಡಿದೇ ಹೋಗಬೇಕು. ಮೊದಮೊದಲು ಹಲಗೆ ಮಾತಾಡುತ್ತಿದ್ದ ರೀತಿಗೆ ಇಬ್ಬರಿಗೂ ಮೈ ಉರಿಯುತ್ತಿತ್ತು. ಲೋಟದ ಚಿತ್ರ ಒತ್ತಿದರೆ "ನನಗೆ ಜಲದ ಅವಶ್ಯಕತೆಯಿದೆ" ಅನ್ನುತ್ತಿತ್ತು. ಗಂಡ ಹಲಗೆಯನ್ನು ಹಾಸಿಗೆಯ ಆಚೆ ಬದಿಗೆ ತಳ್ಳಿ ಗೋಡೆಗೆ ಮುಖ ಮಾಡಿದ. ಅವಳು ಸಿಟ್ಟಿಗೆದ್ದು, ಇದನ್ನು ಮಾಡಿದವರ ವಿಳಾಸ ಹುಡುಕಿ, ಕಚೇರಿಯ ಊಟದ ಬಿಡುವಿನಲ್ಲಿ ಮೇಲ್ ಬರೆದಳು: ನಿಮ್ಮ ಹಲಗೆಯನ್ನು ಯಾವ ಕಾಲದ ಮಹಾರಾಜರಿಗೆ ಮಾಡಿದ್ದು ಸ್ವಾಮಿ? ಸಂಜೆಯೊಳಗೆ ಉತ್ತರ ಬಂತು. ಇದು ಯಾವ ಕಂಪನಿಯದೂ ಅಲ್ಲ, ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ನಾವು ನಾಲ್ಕಾರು ಜನ ಬಿಡುವಿನಲ್ಲಿ ಮಾಡುತ್ತಿದ್ದೇವೆ. ನೀವು ಬೈದದ್ದು ನೂರಕ್ಕೆ ನೂರು ಸರಿ. ಹೇಗೆ ಹೇಳಬೇಕೆಂದು ನೀವೇ ಬರೆದುಕೊಡುತ್ತೀರಾ? ನಮಗೆ ಕೋಡ್ ಬರುತ್ತದೆ, ಮಾತು ಬರುವುದಿಲ್ಲ. ರಿಜಿಸ್ಟರ್ ಪತ್ರಗಳ ನಡುವೆ ಕೂತು ಅದನ್ನು ಓದಿ ಅವಳ ಕಿವಿ ಬಿಸಿಯಾಗಿತ್ತು. ತೂಕ ಎಷ್ಟು, ಯಾವತ್ತು ತಲುಪುತ್ತೆ ಎಂದಲ್ಲದೆ ಬೇರೇನನ್ನಾದರೂ ಯಾರಾದರೂ ತನ್ನನ್ನು ಕೇಳಿ ಎಷ್ಟು ಕಾಲವಾಗಿತ್ತು! ಆ ಸಂತೋಷವನ್ನು ಯಾರಿಗೂ ಹೇಳಿರಲಿಲ್ಲ. ಗಂಡ ಹಾಸಿಗೆ ಹಿಡಿದಿರುವಾಗ ಸಂತೋಷ ಎಂಬ ಶಬ್ದವೇ ನಾಚಿಕೆಗೇಡು ಅನ್ನಿಸಿತ್ತು.

ಮೊದಲ ವಾರದಲ್ಲೇ ಎಡವಟ್ಟು ಮಾಡಿಕೊಂಡಿದ್ದಳು. ತಿದ್ದಲು ಬಂದ ವಾಕ್ಯಗಳ ನಡುನಡುವೆ ಒಂದು ಸೊಟ್ಟ ಕಂಸ, ಅದರೊಳಗೊಂದು ಅಂಕಿ, ಮತ್ತೊಂದು ಸೊಟ್ಟ ಕಂಸ. ಎಲ್ಲಿಂದಲೋ ಬಂದು ಸೇರಿಕೊಂಡ ಕಸ ಎಂದುಕೊಂಡು, ಮನೆ ಗುಡಿಸುವವಳ ಶ್ರದ್ಧೆಯಿಂದ ಒಂದೂ ಬಿಡದಂತೆ ಅಳಿಸಿದಳು. ಬಳಸುವವರು ತುಂಬಿಕೊಟ್ಟ ಹೆಸರು ಬಂದು ಕೂರುವ ಜಾಗ ಅದು. ಆವತ್ತು ಎಷ್ಟೋ ಮನೆಗಳಲ್ಲಿ ಯಾರು ಯಾರೋ ಮೊಮ್ಮಕ್ಕಳ ಹೆಸರಿನ ಚೌಕ ಒತ್ತಿ ಒತ್ತಿ ಕೂತರು, ಹಲಗೆ ಬಾಯಿ ಬಿಡಲಿಲ್ಲ. ಗೊತ್ತಾದಾಗ ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ಕೋಡ್ ಬರೆಯುವವರಲ್ಲಿ ಮುಂದಾಳು, ಅವರೆಲ್ಲ ಗುಂಗುರು ಎಂದು ಕರೆಯುವ ಗುಂಗುರು ಕೂದಲಿನವನು, ಫೋನ್ ಮಾಡಿ ನಕ್ಕ. "ಆಂಟಿ, ಅದು ಕಸ ಅಲ್ಲ ಅಂತ ನಾವು ಎಲ್ಲೂ ಬರೆದೇ ಇಲ್ಲ. ತಪ್ಪು ನಮ್ಮದು. ಎಲ್ರೂ ನಮ್ ಥರಾನೇ ಅಂದ್ಕೊಂಡಿದ್ವಿ." ಆ ಒಂದು ಮಾತಿಗೆ ಅವಳು ಉಳಿದುಕೊಂಡಳು. ಅವರಲ್ಲಿ ಒಂದು ನಿಯಮವಿತ್ತು: ಯಾರೇ ಏನೇ ಬರೆಯಲಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲೇ ಒಳಗೆ ಹೋಗಬೇಕು. ಎರಡನೆಯ ಕಣ್ಣು ಎನ್ನುತ್ತಿದ್ದರು ಅದಕ್ಕೆ. ಆದರೆ ಮಾತಿನ ಕಡೆಯಲ್ಲಿ ಅವಳೊಬ್ಬಳೇ ಇದ್ದದ್ದರಿಂದ ಗುಂಗುರು ಕಣ್ಣು ಮುಚ್ಚಿಕೊಂಡು ಒಪ್ಪಿಗೆ ಒತ್ತುತ್ತಿದ್ದ. "ನೀವು ಬರೆದಿದ್ದು ಸರೀನೇ ಇರತ್ತೆ ಬಿಡಿ ಆಂಟಿ, ನಂಗೇನು ಗೊತ್ತಾಗತ್ತೆ." ಹೀಗೆ ಅವಳು ಹೇಳಿದ್ದೇ ವೇದ. ಅದು ಅವಳಿಗೆ ಹಿತವಾಗಿಯೂ ಇತ್ತು, ಸುಳ್ಳು ಯಾಕೆ. ಹಿಂದೊಮ್ಮೆ ಗ್ರಂಥಾಲಯದಲ್ಲಿ ಇಂಥದೇ ಕೂಟ ಸೇರಿದ್ದಾಗ ಚಿತ್ರ ಬರೆಯುವ ಹೆಂಗಸೊಬ್ಬಳು ಸಹಾಯ ಮಾಡುತ್ತೇನೆಂದು ಬಂದಿದ್ದಳು. ಹುಡುಗರೆಲ್ಲ ತಮ್ಮತಮ್ಮಲ್ಲೇ ತಮ್ಮ ಭಾಷೆಯಲ್ಲಿ ಮುಳುಗಿದ್ದರು. ಆಕೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತು, ಆಮೇಲೆ ಎದ್ದು ಹೋದಳು. ಎರಡು ಕುರ್ಚಿ ಆಚೆ ಕೂತಿದ್ದ ಇವಳು ಮಾತಾಡಿಸಬಹುದಿತ್ತು. ಮಾತಾಡಿಸಲಿಲ್ಲ. ಆಕೆ ಹೋದಾಗ ಹಗುರವೆನಿಸಿದ್ದೂ ನಿಜ.

ಗುಂಗುರು ಮಾತ್ರ ಬಿಡಲಿಲ್ಲ. "ಇನ್ನೂ ಜನ ಬೇಕು ಆಂಟಿ. ಊರಿನ ಬಾಯೆಲ್ಲ ನೀವೊಬ್ರೇ ಆಗೋಕಾಗಲ್ಲ" ಅಂದಿದ್ದ. ಆವತ್ತು ಅದು ಕೆನ್ನೆಗೆ ಹೊಡೆದಂತೆ ಆಗಿತ್ತು. ಇವತ್ತು ಬೆಳಗಿನ ಗುಂಡಿಯ ನಂತರ ಬೇರೆ ಥರ ಕೇಳುತ್ತಿತ್ತು. ಅವನು "ಕೋಡೇತರ ಕೊಡುಗೆದಾರರಿಗೆ ಆತ್ಮೀಯ ಆಹ್ವಾನ" ಎಂದು ಪೋಸ್ಟರ್ ಮಾಡಿಕೊಂಡು ಬಂದಾಗ, "ಇದನ್ನ ಓದಿದೋರು ಕರೆದಿದ್ದು ತಮ್ಮನ್ನಲ್ಲ ಅಂದ್ಕೊಂಡು ಹೋಗ್ತಾರಪ್ಪ" ಎಂದು ಹೊಡೆದು ಹಾಕಿ ಅವಳೇ ಬರೆದುಕೊಟ್ಟಿದ್ದಳು: ಕೋಡ್ ಬರಬೇಕಾಗಿಲ್ಲ, ಮಾತು ಬಂದರೆ ಸಾಕು. ಯಾರೂ ಬರದಿದ್ದರೆ ಎಂಬ ಭಯದ ಜೊತೆಗೇ ಬಂದುಬಿಟ್ಟರೆ ಎಂಬ ಭಯವನ್ನೂ ತಳ್ಳಿಕೊಂಡು, ಎಡಕ್ಕೆಳೆಯುವ ಕುರ್ಚಿಯನ್ನು ಗ್ರಂಥಾಲಯದ ಇಳಿಜಾರಿಗೆ ಹತ್ತಿಸಿದಳು.

ಇಬ್ಬರು ಬಂದಿದ್ದರು. ಒಬ್ಬ, ಗಂಡನ ಕೂದಲು ಕತ್ತರಿಸಲು ಮನೆಗೆ ಬರುವ ಕ್ಷೌರಿಕ. "ಅಂಗಡಿ ಕನ್ನಡಿ ಪಕ್ಕಾನೇ ಅಂಟಿಸಿ ಹೋಗಿದ್ರು ಅಕ್ಕ. ದಿನಾ ಓದಿ ಓದಿ ಬಾಯಿಪಾಠ ಆಯ್ತು. ಬರದೇ ಇದ್ರೆ ಮರ್ಯಾದೆ ಅಲ್ಲ ಅಂತ ಬಂದೆ." ಇನ್ನೊಬ್ಬಳು ಶಾಲೆಯ ವ್ಯಾನು ಓಡಿಸುವವಳು, ಗಂಡನ ಹಳೆಯ ಶಿಷ್ಯೆ. ಬಂದವಳೇ ಕುರ್ಚಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, "ಸಾರ್, ಗುರುತು ಸಿಕ್ತಾ? ಮೂರು ಸಲ ಗೇಟಿಗೆ ಗುದ್ದಿದ್ನಲ್ಲ, ನಾನೇ" ಎಂದಳು. ಗಂಡನ ಮುಖ ಅರಳಿತು. ಅವನು ಹಲಗೆ ತಡಕಿ "ನಿಮ್ಮನ್ನು ನೋಡಿ ಸಂತೋಷವಾಯಿತು" ಎಂಬುದನ್ನು ಒತ್ತಿದ. ವ್ಯಾನಿನವಳು ಅವನ ಮುಖವನ್ನೂ ಹಲಗೆಯನ್ನೂ ಮತ್ತೆ ಅವನ ಮುಖವನ್ನೂ ನೋಡಿದಳು. ಬೇರೆ ಯಾರದೋ ಮನೆಗೆ ಬಂದುಬಿಟ್ಟೆನೋ ಎಂಬಂತಿತ್ತು ಆ ನೋಟ.

ಕ್ಷೌರಿಕ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಚೌಕ ಒತ್ತಿ ಕೇಳಿದ. ಕತ್ತರಿಯ ಚಿತ್ರಕ್ಕೆ ಬಂದಾಗ ನಕ್ಕುಬಿಟ್ಟ. "'ಸ್ವಲ್ಪ ಕೂದಲು ಕತ್ತರಿಸುತ್ತೀರಾ' ಅಂತೆ! ಅಣ್ಣ ಮುಂಚೆ ಫೋನ್ ಮಾಡಿದ್ರೆ 'ಲೋ, ಕಾಡು ಬೆಳೆದಿದೆ, ಬಂದು ಕಡಿದು ಹೋಗು' ಅನ್ನೋರು." ವ್ಯಾನಿನವಳು ಬಗ್ಗಿ ನೋಡಿ, ಯಾವ ಕುಹಕವೂ ಇಲ್ಲದೆ ಕೇಳಿದಳು: "ಮೇಡಂ, ಇದ್ರಲ್ಲಿ ಬೈಯೋಕೆ ಏನೂ ಇಲ್ವಾ?"

"ಬೈಯೋಕಾ?"

"ಹೂಂ. ಸಾರ್ ಬೈಯದೆ ಹೇಗಿದ್ದಾರೆ ಇಷ್ಟು ದಿನ?"

"ಕಾಯಿಲೆ ಮನುಷ್ಯರಿಗೆ ಬೈಗುಳ ಯಾಕಮ್ಮ ಬೇಕು" ಎಂದಳು ಅವಳು. ಕೌಂಟರಿನಲ್ಲಿ ಹೊತ್ತು ಮೀರಿ ಬಂದವರಿಗೆ 'ಆಯ್ತು, ನಾಳೆ ಬನ್ನಿ' ಎನ್ನುವ ದನಿ ಅದು ಎಂದು ಅವಳಿಗೇ ಕೇಳಿಸಿತು. ಎದ್ದು ನೀರು ಕುಡಿಯುವ ನೆಪದಲ್ಲಿ ಮೂಲೆಗೆ ಹೋದಳು. ಬೈಗುಳ ಬಿಟ್ಟದ್ದು ಮರೆತೇ? ಬರೆಯಲು ಕೂತಾಗೆಲ್ಲ ಕಾಯಿಲೆಯವನ ಬಾಯಲ್ಲಿ ಏನು ಚಂದ ಎಂದು ಆರಿಸಿದ್ದಳೇ ಹೊರತು, ಅವನು ಏನನ್ನುತ್ತಿದ್ದ ಎಂದು ಒಂದು ಸಲವೂ ನೆನಪಿಸಿಕೊಂಡಿರಲಿಲ್ಲ. ಹಿಂದಿನಿಂದ ವ್ಯಾನಿನವಳ ದನಿ ಬರುತ್ತಲೇ ಇತ್ತು. "ನೀವು ಬರ್ಕೊಳಿ, ನಾನು ಹೇಳ್ತೀನಿ. 'ಸ್ಟೇರಿಂಗ್ ಕಣಮ್ಮಾ ಅದು, ತವರುಮನೆಯವರಲ್ಲ, ಹಾಗೆ ತಬ್ಕೋಬೇಡ.' ಇನ್ನೊಂದಿತ್ತು. 'ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ, ನಿನ್ನ ಮುಖಾರವಿಂದ ನೋಡ್ಕೊಳ್ಳೋಕಲ್ಲ.'" ಗುಂಗುರು ಕೀಲಿಮಣೆ ಕುಟ್ಟುತ್ತ ನಗುತ್ತಿದ್ದ. ಆಮೇಲೆ ಇನ್ನೊಂದು ಸದ್ದು ಕೇಳಿತು. ಗಂಟಲ ಆಳದಿಂದ, ತುಕ್ಕು ಹಿಡಿದ ಬಾಗಿಲು ತೆಗೆದಂತೆ, ಬಿಟ್ಟು ಬಿಟ್ಟು. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಗಂಡ ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಅವಳು ಲೋಟ ಹಿಡಿದು ನಿಂತೇ ಇದ್ದಳು. ಹೊಟ್ಟೆಕಿಚ್ಚಾಯಿತು, ಹೌದು, ಅವಳಿಗೆ ವ್ಯಾನಿನವಳ ಮೇಲೆ ಹೊಟ್ಟೆಕಿಚ್ಚಾಯಿತು. ಅದರ ಜೊತೆಯಲ್ಲೇ ಆ ಹೆಂಗಸಿನ ಕೈ ಹಿಡಿದುಕೊಂಡು ಇನ್ನೊಂದು ಹೇಳಮ್ಮ ಎಂದು ಬೇಡಿಕೊಳ್ಳಬೇಕೆನಿಸಿತು.

ಹೊಸ ವಾಕ್ಯಗಳಲ್ಲಿ ಯಾವುದು ಸರಿ ಎಂದು ಕ್ಷೌರಿಕನಿಗೂ ವ್ಯಾನಿನವಳಿಗೂ ವಾದ ಹತ್ತಿತು. ಫ್ಯಾನು ಆರಿಸು ಎನ್ನಲು ಗಂಡಸು ಏನನ್ನುತ್ತಾನೆ ಎಂದು ಇವನು ಒಂದು ಹೇಳಿದರೆ ಅವಳು ಇನ್ನೊಂದು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಕ್ಷೌರಿಕ, "ನಾವ್ಯಾಕೆ ಕಿತ್ತಾಡ್ಬೇಕು, ಅಣ್ಣ ಇದ್ದಾರಲ್ಲ. ಅಣ್ಣಾ, ಯಾವುದು?" ಎಂದು ಎರಡನ್ನೂ ಗಂಡನ ಮುಂದೆ ಹಿಡಿದ. ಗಂಡ ಎರಡನ್ನೂ ಕೇಳಿಸಿಕೊಂಡು ಒಂದರ ಮೇಲೆ ಬೆರಳಿಟ್ಟ. ಗುಂಗುರು ಕುಟ್ಟುವುದನ್ನು ನಿಲ್ಲಿಸಿದ. "ಆಂಟಿ, ನಾವು ಎರಡನೇ ಕಣ್ಣಿಗೆ ಊರೆಲ್ಲ ಹುಡುಕ್ತಿದ್ವಿ. ಅಂಕಲ್ ಇಲ್ಲೇ ಕೂತಿದ್ದಾರೆ. ನೀವು ಬರೆದಿದ್ದನ್ನೆಲ್ಲ ಅವರ ಮುಂದೆ ಇಡ್ತೀನಿ, ಒಪ್ಪಿದ್ದು ಇರ್ಲಿ, ಒಪ್ಪದ್ದು ಹೋಗ್ಲಿ."

"ಅವರಿಗೆ ಆಯಾಸ ಆಗತ್ತಪ್ಪ" ಎಂದಳು ಅವಳು ತಕ್ಷಣ.

"ಸಾರ್‌ನ ಕೇಳಿ ಮೇಡಂ" ಎಂದಳು ವ್ಯಾನಿನವಳು.

ಯಾರೂ ಕೇಳುವ ಮೊದಲೇ ಗಂಡ "ಬೇಕು" ಎಂಬ ಚೌಕ ಒತ್ತಿದ್ದ. ಒಂದು ಸಲ ಸಾಲದೆಂಬಂತೆ ಮತ್ತೆ ಮತ್ತೆ ಒತ್ತಿದ.

ಸಂಜೆ ಅವನನ್ನು ಕಿಟಕಿಯ ಬಳಿ ಕೂರಿಸಿ, ದಿಂಬು ಸರಿ ಮಾಡಿ, ಅವಳು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಕೂತಳು. ಒಳಕೋಣೆಯಿಂದ ಹಲಗೆಯ ದನಿ ಬರತೊಡಗಿತು. ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಹೇಳುತ್ತದೆ. ಒಪ್ಪಿದರೆ ಹಸಿರು, ಅದನ್ನು ಒತ್ತಿದರೆ ಟಿಣ್; ಬೇಡವೆಂದರೆ ಕೆಂಪು, ಅದನ್ನು ಒತ್ತಿದರೆ ಟಕ್. "ನೀರು ಕೊಡು." ಟಿಣ್. "ಬೆನ್ನು ನೋಯ್ತಿದೆ, ತಿರುಗಿಸು." ಟಿಣ್. ಪರೀಕ್ಷೆಯ ಫಲಿತಾಂಶ ಕೇಳುವವಳಂತೆ ಅವಳ ಕೈ ನಿಧಾನವಾಯಿತು. "ನೀನು ಸುಸ್ತಾಗಿದ್ದೀಯ, ಕೂತ್ಕೋ." ಟಕ್. ಚಾಕು ನಿಂತಿತು. "ನನ್ನಿಂದ ನಿನಗೆ ತುಂಬಾ ತೊಂದರೆ." ಟಕ್. "ನನ್ನ ಕ್ಷಮಿಸು." ಟಕ್. "ನೀನು ಊಟ ಮಾಡು, ನನ್ನದು ಆಮೇಲೆ." ಟಕ್. "ನಿನ್ನಂಥವಳು ಸಿಕ್ಕಿದ್ದು ನನ್ನ ಪುಣ್ಯ." ಅವಳು ಬಾಗಿಲ ಕಡೆಗೆ ಕಿವಿ ಕೊಟ್ಟಳು. ಟಕ್.

ಕಣ್ಣಲ್ಲಿ ನೀರು ಧಾರಾಕಾರ. ಈರುಳ್ಳಿ ಎಂದುಕೊಳ್ಳಬಹುದಿತ್ತು, ಆದರೆ ಯಾರಿಗೆ ಹೇಳುವುದು ಆ ಸುಳ್ಳನ್ನು. ಮೊದಲು ಕೋಪ ಬಂತು. ಪುಣ್ಯ ಕೂಡ ಬೇಡವೇ ಈ ಮಹರಾಯನಿಗೆ? ಆಮೇಲೆ ನಾಚಿಕೆ. ಹೊರಟುಹೋದ ವಾಕ್ಯಗಳೆಲ್ಲ ಒಂದೇ ಜಾತಿಯವು: ಕಾಯಿಲೆ ಬಿದ್ದದ್ದಕ್ಕೆ ಅವನ ಕೈಯಿಂದ ಅವಳು ಕೇಳಿಸಿದ ಕ್ಷಮೆ, ಸೇವೆ ಮಾಡಿದ್ದಕ್ಕೆ ತಾನೇ ತನಗೆ ಹಾಕಿಕೊಂಡ ಹಾರ. ಬೇರೆ ಏನೂ ಇಲ್ಲವೆಂದು ಅವನು ದಿನವೂ ಅವನ್ನೇ ಒತ್ತಿದ್ದ, ಅನ್ನ ಹಳಸಿದ್ದರೂ ಹಸಿದವನು ಉಣ್ಣುವ ಹಾಗೆ. ನಾಚಿಕೆಯ ಹಿಂದೆಯೇ, ತಡೆಯಲಾರದಷ್ಟು, ಇನ್ನೊಂದು ಬಂತು. ಇದ್ದಾನೆ. ಒಳಗೆ ಇದ್ದಾನೆ ಆ ಮನುಷ್ಯ, ಹಾಗೇ ಇದ್ದಾನೆ, ಒಪ್ಪದೆ ಇದ್ದಾನೆ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ನಡೆದಳು.

"ರೀ, ಪುಣ್ಯಾನೂ ಬೇಡ್ವಾ ನಿಮಗೆ?"

ಅವನು ತಲೆ ಅಡ್ಡಡ್ಡ ಆಡಿಸಿದ. ತೆರೆಯ ಮೇಲೆ ಆ ಚೌಕ ಖಾಲಿಯಾಗಿ ಬೆಳ್ಳಗಿತ್ತು.

"ಹಾಗಾದ್ರೆ ಅಲ್ಲಿ ಏನ್ ಹಾಕ್ಲಿ? ನೀವೇ ಹೇಳಿ." ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಆದರೆ ಅವನು ಕಾಯುತ್ತಿದ್ದ. ಅವಳು ಮಂಚದ ತುದಿಯಲ್ಲಿ ಕೂತು ಒಂದೊಂದೇ ಹೇಳಿ ನೋಡಿದಳು. "ನೀನಂದ್ರೆ ನಂಗಿಷ್ಟ?" ತಲೆ ಆಡಿಸಿದ. "ನೀನಿಲ್ದೆ ನಾನಿಲ್ಲ?" ಮೂಗು ಮುರಿದ, ಅದೂ ಅಂಗಡಿಯವರ ಮಾತು ಎಂಬಂತೆ. "ಹೋಗ್ಲಿ, 'ನಿನ್ನ ಕಾಟ ತಡೆಯೋಕಾಗಲ್ಲ' ಅಂತ ಹಾಕ್ಲಾ?" ಗಂಟಲಲ್ಲಿ ಆ ತುಕ್ಕು ಬಾಗಿಲು ಸ್ವಲ್ಪ ಸರಿಯಿತು, ಆದರೂ ಬೇಡವೆಂದ. ಅವಳಿಗೆ ತಿಳಿದ ಒಳ್ಳೆಯ ಮಾತು ಮುಗಿದವು, ಕೆಟ್ಟ ಮಾತು ಮುಗಿದವು. ಎಷ್ಟೋ ಜನರ ಬಾಯಿಗೆ ವಾಕ್ಯ ಕೊಟ್ಟವಳಿಗೆ ಒಂದೂ ಹೊಳೆಯಲಿಲ್ಲ. "ಗೊತ್ತಾಗ್ತಿಲ್ಲ ರೀ" ಎಂದಳು. ಈ ಮಾತನ್ನು ಕಾಯಿಲೆ ಬಂದಂದಿನಿಂದ ಅವನ ಮುಂದೆ ಆಡಿದ್ದು ಇದೇ ಮೊದಲು. "ನಿಮಗೆ ಏನ್ ಹೇಳ್ಬೇಕಾಗಿದೆ ಅಂತ ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ."

ಗಂಡ ಅವಳನ್ನೇ ನೋಡಿದ. ಆಮೇಲೆ ಬೆರಳು ಎತ್ತಿ ಆ ಬಿಳಿಯ ಚೌಕವನ್ನು ಒತ್ತಿದ. ಹಲಗೆ ಏನೂ ಹೇಳಲಿಲ್ಲ. ಅವನು ಬೆರಳು ತೆಗೆಯದೆ ಅವಳ ಮುಖ ನೋಡುತ್ತಲೇ ಇದ್ದ. ಹೇಳಿ ಮುಗಿಯುವವರೆಗೆ ಒಬ್ಬ ಮನುಷ್ಯ ಎಷ್ಟು ಹೊತ್ತು ನೋಡುತ್ತಾನೋ ಅಷ್ಟು ಹೊತ್ತು. ಅದು ಪ್ರೀತಿಯೋ, ಸಿಟ್ಟೋ, ಎರಡೂ ಸೇರಿದ್ದೋ ಅವಳಿಗೆ ತಿಳಿಯಲಿಲ್ಲ. ತಾನು ಬರೆದದ್ದಲ್ಲ ಎಂಬುದಷ್ಟೇ ತಿಳಿಯಿತು. ಅದು ತಿಳಿದದ್ದೇ ಅವಳು ಅವನ ಮೊಣಕಾಲಿಗೆ ಹಣೆ ಹಚ್ಚಿ ಜೋರಾಗಿ ಅತ್ತಳು. ಅವನು ಅಳಬೇಡ ಎಂಬ ಚೌಕವನ್ನು ಹುಡುಕಲು ಹೋಗಲಿಲ್ಲ.

ಒಲೆಯ ಕಡೆಗೆ ಹೊರಟಾಗ ಫೋನು ಬಂತು. ಗುಂಗುರು. ಹಿಂದೆ ಟ್ರಾಫಿಕ್ಕಿನ ಗದ್ದಲ. "ಆಂಟಿ, ಅಂಕಲ್ ಸೂಪರ್! ನಾವು ತಿಂಗಳಾನುಗಟ್ಟಲೆ ಮಾಡದೇ ಇದ್ದಿದ್ದನ್ನ ಒಂದೇ ಸಂಜೆ ಮುಗಿಸಿದ್ದಾರೆ. ಒಂದೇ ಡೌಟು. ಅವರು ತೆಗೆದ ಬೇರೆ ಚೌಕಕ್ಕೆಲ್ಲ ಇವತ್ತು ಬರೆದ ಹೊಸ ಮಾತು ಹಾಕಿದ್ದೀನಿ, ಒಂದು ಚೌಕ ಮಾತ್ರ ಖಾಲಿ ಇದೆ. ಅದಕ್ಕೂ ಒಪ್ಪಿಗೆ ಒತ್ತಿಬಿಟ್ಟಿದ್ದಾರೆ. ಕೈತಪ್ಪಿ ಒತ್ತಿರ್ಬೇಕು, ತೆಗೆದುಬಿಡ್ಲಾ?"

ಅವಳು ಬಾಗಿಲಿಂದ ತಿರುಗಿ ನೋಡಿದಳು. ಗಂಡ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯಾಚೆ ಯಾರೋ ಕಾರು ಹಿಂದಕ್ಕೆ ತೆಗೆಯಲು ಒದ್ದಾಡುತ್ತಿದ್ದುದನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದ.

"ತೆಗೀಬೇಡಪ್ಪ" ಎಂದಳು. "ಅದು ಅವರು ಬರೆದಿದ್ದು. ನಾನು ನೋಡಿದ್ದೀನಿ, ಒಪ್ಪಿದ್ದೀನಿ."